ಮನಸ್ಸೊಂದಿದ್ದರೆ ಸಾಲದು: ಆರೈಕೆ ಕೆಲಸಕ್ಕೆ ಬರಬೇಕೆಂದಿರುವವರಿಗೆ

ಪ್ರಶ್ನೆ: ನನಗೆ ಡಿಗ್ರಿ ಇಲ್ಲ, ಬೇರೆ ತರಬೇತಿಯೂ ಆಗಿಲ್ಲ. ಆದರೆ ಎರಡು ವರ್ಷ ಹಾಸಿಗೆ ಹಿಡಿದಿದ್ದ ನಮ್ಮಜ್ಜಿಯನ್ನು ನಾನೇ ನೋಡಿಕೊಂಡೆ. ಆರೈಕೆ ಕೆಲಸಕ್ಕೆ ಸೇರಬಹುದೇ? ಅದರಲ್ಲಿ ಮುಂದೆ ಬರುವ ದಾರಿ ಇದೆಯೇ? ಇದಕ್ಕೆ ಒಳ್ಳೆಯ ಮನಸ್ಸಿದ್ದರೆ ಸಾಕು, ಕಲಿಯುವುದೇನೂ ಇಲ್ಲ ಅನ್ನುತ್ತಾರೆ, ನಿಜವೇ?

ಸೇರಬಹುದು. ಮುಂದೆ ಬರುವ ದಾರಿಯೂ ಇದೆ. ಮೂರನೆಯ ಮಾತು ಮಾತ್ರ ಸುಳ್ಳು.

ಈ ಮೂರನೆಯದಕ್ಕೆ ಎಷ್ಟು ಸಲ ಉತ್ತರ ಕೊಟ್ಟಿದ್ದೇನೋ ನೆನಪಿಲ್ಲ. ತರಬೇತಿಗೆ ಬರುವ ಪ್ರತಿ ತಂಡದಲ್ಲೂ ಮೊದಲ ದಿನವೇ ಯಾರಾದರೊಬ್ಬರು ಇದನ್ನು ಹೇಳಿಯೇ ಹೇಳುತ್ತಾರೆ, ಉಳಿದವರು ಹೌದೆಂದು ತಲೆಯಾಡಿಸುತ್ತಾರೆ. ಅವರದು ಕೆಟ್ಟ ಉದ್ದೇಶವೇನಲ್ಲ. ಆದರೂ ಈ ಕೆಲಸಕ್ಕೆ ಇಷ್ಟು ಹಾನಿ ಮಾಡಿದ ಮಾತು ಇನ್ನೊಂದಿಲ್ಲ. ಹಾಗಾಗಿ ಅದನ್ನೇ ಮೊದಲು ಎತ್ತಿಕೊಳ್ಳುತ್ತೇನೆ, ಉಳಿದೆರಡಕ್ಕೆ ಆಮೇಲೆ ಬರೋಣ.

ಒಳ್ಳೆಯ ಮನಸ್ಸು ಏನು ಮಾಡುತ್ತದೆ ನೋಡಿ. ಪಾರ್ಶ್ವವಾಯುವಾಗಿ ಒಂದು ಕಡೆ ಸ್ವಾಧೀನ ತಪ್ಪಿದವರು ಕುರ್ಚಿಯಿಂದ ಏಳಲು ಒದ್ದಾಡುತ್ತಿರುತ್ತಾರೆ. ನೋಡಲಾಗದೆ ಓಡಿಹೋಗಿ ಕಂಕುಳಿಗೆ ಕೈಹಾಕಿ ಎತ್ತುತ್ತೇವೆ. ಬಲ ಕಳೆದುಕೊಂಡ ತೋಳಿನಲ್ಲಿ ಭುಜದ ಕೀಲನ್ನು ಹಿಡಿದಿಡುವ ಸ್ನಾಯುಗಳೇ ಸಡಿಲವಾಗಿರುತ್ತವೆ. ಹಾಗೆ ಎತ್ತಿದರೆ ಕೀಲು ಜಾರಬಹುದು, ಭುಜದ ನೋವು ತಿಂಗಳುಗಟ್ಟಲೆ ಕಾಡಬಹುದು. ಎತ್ತಿದವರ ಸೊಂಟಕ್ಕೂ ಪೆಟ್ಟು. ಕಲಿತವರು ಮಾಡುವುದೇ ಬೇರೆ. ಮೊದಲು ಸೀಟಿನ ಅಂಚಿಗೆ ಸರಿಯಲು ಹೇಳುತ್ತಾರೆ, ಪಾದಗಳನ್ನು ಮಂಡಿಗಿಂತ ತುಸು ಹಿಂದಕ್ಕೆ ಇಡಿಸುತ್ತಾರೆ, ಮೂಗು ಕಾಲ್ಬೆರಳಿನ ನೇರಕ್ಕೆ ಬರುವಷ್ಟು ಮುಂದೆ ಬಾಗಲು ಹೇಳುತ್ತಾರೆ. ಮೈಭಾರ ಮುಂದಕ್ಕೆ ಬಂದಿತೆಂದರೆ ಎಷ್ಟೋ ಜನ ತಾವಾಗಿಯೇ ಏಳುತ್ತಾರೆ. ಅವತ್ತು ಅವರ ಮುಖ ನೋಡಬೇಕು ನೀವು.

ಅಂಗಿ ತೊಡಿಸುವುದೂ ಹಾಗೆಯೇ. ಸ್ವಾಧೀನವಿಲ್ಲದ ತೋಳು ಮೊದಲು ಒಳಗೆ ಹೋಗಬೇಕು, ಬಿಚ್ಚುವಾಗ ಕೊನೆಗೆ ಹೊರಗೆ ಬರಬೇಕು. ಒಂದೇ ಸಾಲಿನ ನಿಯಮ. ಅದು ಗೊತ್ತಿಲ್ಲದವರು ದಿನಕ್ಕೆರಡು ಸಲ ನೋವು ಕೊಡುತ್ತಿರುತ್ತಾರೆ, ಅಷ್ಟೇ ಪ್ರೀತಿಯಿಂದ.

ಇನ್ನು ಊಟ. ಕೈ ನಡುಗುತ್ತದೆ, ಬಟ್ಟೆಯ ಮೇಲೆ ಚೆಲ್ಲುತ್ತದೆ, ಅರ್ಧ ಗಂಟೆ ಹಿಡಿಯುತ್ತದೆ. ಪಾಪ ಎಂದು ಚಮಚ ನಾವೇ ತೆಗೆದುಕೊಳ್ಳುತ್ತೇವೆ. ಕೆಲವು ವಾರಗಳಲ್ಲಿ ಆ ಕೈ ಚಮಚ ಹಿಡಿಯುವುದನ್ನೇ ಮರೆಯುತ್ತದೆ. ಸಿಡ್ನಿ ಕಾಟ್ಜ್ ಎಂಬ ಅಮೆರಿಕದ ವೈದ್ಯರು ಮತ್ತು ಅವರ ಜೊತೆಗಾರರು 1963ರಲ್ಲಿ ಒಂದು ಅಳತೆಗೋಲು ಪ್ರಕಟಿಸಿದರು. ಸ್ನಾನ, ಬಟ್ಟೆ ತೊಡುವುದು, ಶೌಚಕ್ಕೆ ಹೋಗುವುದು, ಹಾಸಿಗೆಯಿಂದ ಕುರ್ಚಿಗೆ ಬರುವುದು, ಮಲಮೂತ್ರದ ಹಿಡಿತ, ಊಟ, ಹೀಗೆ ಆರು ಕೆಲಸಗಳಲ್ಲಿ ಯಾವುದನ್ನು ಒಬ್ಬರು ತಾವೇ ಮಾಡಿಕೊಳ್ಳಬಲ್ಲರು ಎಂದು ನೋಡುವುದು. ಸಾಮಾನ್ಯವಾಗಿ ಮೊದಲು ಕೈಬಿಟ್ಟು ಹೋಗುವುದು ಸ್ನಾನ, ಕೊನೆಯವರೆಗೆ ಉಳಿಯುವುದು ಊಟ. ಕೊನೆಯವರೆಗೆ ಉಳಿಯಬೇಕಾದುದನ್ನು ನಾವು ಅವಸರದಲ್ಲಿ ಮೊದಲೇ ಕಿತ್ತುಕೊಂಡುಬಿಡುತ್ತೇವೆ. ‘ಏಳಬೇಡಿ, ಮಲಗಿರಿ, ನಾನಿದ್ದೇನಲ್ಲ’ ಎನ್ನುವುದೂ ಇಂಥದ್ದೇ. ಆರೋಗ್ಯವಾಗಿದ್ದ ಹಿರಿಯರನ್ನು 10 ದಿನ ಹಾಸಿಗೆಯಲ್ಲೇ ಇರಿಸಿ ಪರೀಕ್ಷಿಸಿದ ಒಂದು ಅಧ್ಯಯನ 2007ರಲ್ಲಿ ಪ್ರಕಟವಾಯಿತು. ಅಷ್ಟರಲ್ಲೇ ಅವರ ಕಾಲುಗಳು ಸುಮಾರು 1 ಕಿಲೋ ಸ್ನಾಯು ಕಳೆದುಕೊಂಡಿದ್ದವು. ಕಾಯಿಲೆಯವರ ಪಾಡು ಹೇಗಿರಬೇಕು ಯೋಚಿಸಿ.

ನೀರು ಕುಡಿಸುವುದರಲ್ಲಿ ಏನಿದೆ ಅನ್ನುತ್ತೀರಾ? ನುಂಗುವ ಶಕ್ತಿ ಕುಂದಿದವರಿಗೆ ಮಲಗಿದಲ್ಲೇ ಲೋಟ ಬಾಯಿಗಿಟ್ಟರೆ ನೀರು ಶ್ವಾಸಕೋಶಕ್ಕೆ ಹೋಗಬಹುದು. ಕೆಮ್ಮಿದರೆ ಗೊತ್ತಾಗುತ್ತದೆ, ಕೆಲವರು ಕೆಮ್ಮುವುದೇ ಇಲ್ಲ. ಕುಡಿದ ಮೇಲೆ ಧ್ವನಿ ಗೊರಗೊರ ಎಂದು ಒದ್ದೆಯಾಗಿ ಕೇಳಿಸುತ್ತದೆ, ಅಷ್ಟೇ ಸುಳಿವು. ಆ ಸುಳಿವು ಹಿಡಿಯುವ ಕಿವಿ ಕಲಿತು ಬರಬೇಕು. ಯಾರಿಗೆ ಎಷ್ಟು ಗಟ್ಟಿಯಾದ ಆಹಾರ, ಎಷ್ಟು ಮಂದವಾದ ಪಾನೀಯ ಕೊಡಬಹುದು ಎಂದು ಗುರುತಿಸಲು ಈಗ 0ರಿಂದ 7ರವರೆಗೆ ಅಂತರರಾಷ್ಟ್ರೀಯ ಹಂತಗಳೇ ಇವೆ.

ಹಾಸಿಗೆ ಹುಣ್ಣಿನ ವಿಷಯಕ್ಕೆ ಬಂದರೆ ನನಗೆ ಸಿಟ್ಟು ಬರುತ್ತದೆ, ಏಕೆಂದರೆ ಅದರಲ್ಲಿ ಬಹುಪಾಲನ್ನು ತಡೆಯಬಹುದು. ಎಲುಬು ಚರ್ಮಕ್ಕೆ ಹತ್ತಿರ ಇರುವ ಕಡೆ, ಅಂದರೆ ಬೆನ್ನಿನ ಬುಡ, ಸೊಂಟದ ಪಕ್ಕ, ಹಿಮ್ಮಡಿ, ಮೊಣಕೈ, ತಲೆಯ ಹಿಂಭಾಗದಲ್ಲಿ ಒತ್ತಡ ಬಿದ್ದು ರಕ್ತ ಹರಿಯುವುದು ನಿಲ್ಲುತ್ತದೆ. ಒಳಗಿನ ಮಾಂಸ ಸಾಯತೊಡಗುತ್ತದೆ. ಮೊದಲು ಕಾಣುವುದು ಬೆರಳಲ್ಲಿ ಒತ್ತಿದರೂ ಬಿಳಿಚದ ಕೆಂಪು. ಕಪ್ಪು ಮೈಬಣ್ಣದವರಲ್ಲಿ ಆ ಕೆಂಪೂ ಕಾಣುವುದಿಲ್ಲ. ಅಲ್ಲಿ ಕೈಯಿಟ್ಟು ನೋಡಬೇಕು: ಸುತ್ತಲಿಗಿಂತ ಬಿಸಿಯೇ, ಗಟ್ಟಿಯೇ, ಮುಟ್ಟಿದರೆ ಮುಖ ಕಿವುಚುತ್ತಾರೆಯೇ. ಒಳ್ಳೆಯ ಮನಸ್ಸಿನವರು ಆ ಕೆಂಪನ್ನು ಕಂಡ ಕೂಡಲೇ ಎಣ್ಣೆ ಹಚ್ಚಿ ತಿಕ್ಕುತ್ತಾರೆ. ತಿಕ್ಕಬಾರದು. ಮೊದಲೇ ನಲುಗಿದ ರಕ್ತನಾಳಗಳು ಇನ್ನಷ್ಟು ಒಡೆಯುತ್ತವೆ. ಮೇಲಕ್ಕೆ ಸರಿಸುವಾಗ ದರದರ ಎಳೆಯುತ್ತಾರೆ. ಎಳೆಯಬಾರದು. ಚರ್ಮ ಹಾಸಿಗೆಗೆ ಅಂಟಿಕೊಂಡು ಎಲುಬು ಮಾತ್ರ ಜಾರಿ, ನಡುವಿನ ಪದರ ಹರಿಯುತ್ತದೆ. ಡೊರೀನ್ ನಾರ್ಟನ್ ಎಂಬ ಬ್ರಿಟಿಷ್ ನರ್ಸ್ ತಮ್ಮ ಜೊತೆಗಾರರೊಂದಿಗೆ 1962ರಲ್ಲಿ ಈ ಬಗ್ಗೆ ಪ್ರಕಟಿಸಿದ ಅಧ್ಯಯನ ಇಂದಿಗೂ ನಮ್ಮ ಪಾಠದಲ್ಲಿದೆ. ಮೈಯ ಸ್ಥಿತಿ, ಮನಸ್ಸಿನ ಸ್ಥಿತಿ, ಓಡಾಟ, ಹೊರಳಾಟ, ಮಲಮೂತ್ರದ ಹಿಡಿತ, ಹೀಗೆ ಐದಕ್ಕೆ ತಲಾ 4ರಂತೆ ಒಟ್ಟು 20 ಅಂಕ. 14 ಅಥವಾ ಅದಕ್ಕಿಂತ ಕಡಿಮೆ ಬಂದವರ ಮೇಲೆ ಹೆಚ್ಚು ನಿಗಾ ಬೇಕು. ಮುಲಾಮುಗಳಿಗಿಂತ ಎರಡು ಮೂರು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದೇ ಹುಣ್ಣು ತಡೆಯುವ ದಾರಿ ಎಂದು ಅವರು ತೋರಿಸಿದರು. ರಾತ್ರಿ ಎರಡಕ್ಕೂ ಎದ್ದು, ಎಳೆಯದೆ, ಎದುರಿನವರ ನಿದ್ದೆ ಪೂರ್ತಿ ಕೆಡಿಸದೆ ಮಗ್ಗುಲು ಬದಲಿಸುವುದು ಒಂದು ಕಸುಬು.

ಮರೆವಿನ ಕಾಯಿಲೆಯವರ ಬಗ್ಗೆ ಒಂದೇ ಮಾತು. ನಿನ್ನೆ ಸರಿಯಿದ್ದವರು ಇವತ್ತು ಇದ್ದಕ್ಕಿದ್ದಂತೆ ಏನೇನೋ ಮಾತಾಡತೊಡಗಿದರೆ ‘ಕಾಯಿಲೆ ಜಾಸ್ತಿಯಾಯಿತು’ ಎಂದು ಸುಮ್ಮನಾಗಬೇಡಿ. ಸೋಂಕು, ನೀರಿನ ಕೊರತೆ, ಮಲಬದ್ಧತೆ, ಹೊಸ ಮಾತ್ರೆ, ಯಾವುದೂ ಕಾರಣವಾಗಿರಬಹುದು, ಬಹಳಷ್ಟು ಸಲ ಚಿಕಿತ್ಸೆಯೂ ಇರುತ್ತದೆ. ಮರೆವು ತಿಂಗಳು, ವರ್ಷಗಳಲ್ಲಿ ಏರುವಂಥದ್ದು; ಒಂದೆರಡು ದಿನದಲ್ಲಿ ಬಂದದ್ದು ಬೇರೆಯೇ. ಇದನ್ನು ವೈದ್ಯರಿಗಿಂತ ಮೊದಲು ಕಾಣುವವರು ದಿನವೂ ಜೊತೆಗಿರುವ ಆರೈಕೆಯವರು.

ಇಷ್ಟಾದರೂ ಈ ನಂಬಿಕೆ ಯಾಕೆ ಸಾಯುವುದಿಲ್ಲ? ಆರೈಕೆ ಮನೆಯೊಳಗೆ ಪುಕ್ಕಟೆ ನಡೆಯುತ್ತದೆ, ಅದಕ್ಕೇ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2018ರಲ್ಲಿ ಕೊಟ್ಟ ಅಂದಾಜಿನಂತೆ, ಮನೆಗೆಲಸವೂ ಸೇರಿ ಸಂಬಳವಿಲ್ಲದ ಆರೈಕೆಗೆ 64 ದೇಶಗಳಲ್ಲೇ ದಿನವೊಂದಕ್ಕೆ 1,640 ಕೋಟಿ ಗಂಟೆ ವ್ಯಯವಾಗುತ್ತದೆ. 200 ಕೋಟಿ ಜನ ದಿನಕ್ಕೆ 8 ಗಂಟೆ ಕಾಸಿಲ್ಲದೆ ದುಡಿದಷ್ಟು. ಅದರಲ್ಲಿ ಮುಕ್ಕಾಲು ಪಾಲು ಹೆಂಗಸರದು. ಹೆಂಗಸರು ಮನೆಯಲ್ಲಿ ಮಾಡುತ್ತ ಬಂದದ್ದು ಹುಟ್ಟಿನಿಂದಲೇ ಬಂದಿರುತ್ತದೆ ಎಂದುಕೊಂಡುಬಿಟ್ಟೆವು. ಹುಟ್ಟಿನಿಂದ ಬಂದದ್ದಕ್ಕೆ ತರಬೇತಿ ಯಾಕೆ, ಒಳ್ಳೆಯ ಸಂಬಳ ಯಾಕೆ ಎನ್ನುವವರೆಗೆ ಈ ಮಾತು ಬಂದು ನಿಲ್ಲುತ್ತದೆ. ‘ಸೇವೆ’ ಎಂಬ ದೊಡ್ಡ ಪದ ಹೇಳಿ ರಜೆ ಕೊಡದ ಕಡೆ ನಾನೂ ದುಡಿದಿದ್ದೇನೆ. ಈ ಕೆಲಸವನ್ನು ಮನಸಾರೆ ಪ್ರೀತಿಸುತ್ತೇನೆ. ಅದಕ್ಕೇ ಇದನ್ನು ಕಲಿಕೆಯಿಲ್ಲದ ಕೆಲಸ ಅಂದರೆ ಸುಮ್ಮನಿರಲಾಗುವುದಿಲ್ಲ.

ಮನಸ್ಸು ಬೇಡವೇ? ಬೇಕು. ಬೈಸಿಕೊಂಡ ಮರುಗಳಿಗೆಯೂ ಕೈ ಒರಟಾಗದಿರಲು ಬೇಕು. ಅದನ್ನು ಯಾರೂ ಕಲಿಸಲಾರರು. ಉಳಿದದ್ದೆಲ್ಲ ಕಲಿಯಬೇಕು.

ಈಗ ನಿಮ್ಮ ಮೊದಲ ಪ್ರಶ್ನೆ. ಅಜ್ಜಿಯನ್ನು ನೋಡಿಕೊಂಡ ಆ ಎರಡು ವರ್ಷ ಅನುಭವವೇ, ಅದನ್ನು ಮುಚ್ಚಿಡಬೇಡಿ. ಆದರೆ ‘ಅಜ್ಜಿಯನ್ನು ಚೆನ್ನಾಗಿ ನೋಡಿಕೊಂಡೆ’ ಎಂದರೆ ಕೇಳುವವರಿಗೆ ಏನೂ ತಿಳಿಯುವುದಿಲ್ಲ. ಎಷ್ಟು ಹೊತ್ತಿಗೊಮ್ಮೆ ಮಗ್ಗುಲು ಬದಲಿಸುತ್ತಿದ್ದಿರಿ, ಮಾತ್ರೆಗಳ ಲೆಕ್ಕ ಹೇಗೆ ಇಟ್ಟಿರಿ, ಊಟ ಬೇಡವೆಂದ ದಿನ ಏನು ಮಾಡಿದಿರಿ, ಯಾವಾಗ ವೈದ್ಯರನ್ನು ಕರೆದಿರಿ, ಅದನ್ನು ಬರೆಯಿರಿ. ಸಂದರ್ಶನದಲ್ಲಿ ‘ವಯಸ್ಸಾದವರೆಂದರೆ ನನಗೆ ಪ್ರೀತಿ’ ಎಂಬ ಉತ್ತರ ದಿನಕ್ಕೆ ಹತ್ತು ಬರುತ್ತವೆ. ನಿಮ್ಮಿಂದ ತಪ್ಪಾದ ಒಂದು ದಿನವನ್ನು, ಆಮೇಲೆ ಏನು ಬದಲಿಸಿಕೊಂಡಿರಿ ಎಂಬುದನ್ನು ಹೇಳಿ. ನಾನಾಗಿದ್ದರೆ ಅಂಥವರನ್ನೇ ತೆಗೆದುಕೊಳ್ಳುತ್ತೇನೆ.

ನೀವೂ ಕೇಳಬೇಕು. ರಾತ್ರಿ ಪಾಳಿಯಲ್ಲಿ ಒಬ್ಬರ ಪಾಲಿಗೆ ಎಷ್ಟು ಜನ? ಮೊದಲ ದಿನಗಳಲ್ಲಿ ಅನುಭವಿಗಳ ಜೊತೆ ನಿಲ್ಲಿಸುತ್ತೀರಾ, ನೇರ ಒಬ್ಬರನ್ನೇ ಬಿಡುತ್ತೀರಾ? ಎತ್ತಿ ಕೂರಿಸಲು ಉಪಕರಣ ಇದೆಯೇ? ಮನೆಯಿಂದ ಮನೆಗೆ ಹೋಗುವ ಹೊತ್ತು ಸಂಬಳದ ಲೆಕ್ಕಕ್ಕೆ ಬರುತ್ತದೆಯೇ? ಈ ಪ್ರಶ್ನೆಗಳಿಗೆ ಮುಖ ಗಂಟಿಕ್ಕಿದರೆ ಅಲ್ಲಿಂದ ಎದ್ದು ಬನ್ನಿ. ಕೆಲಸ ಕೊಡಿಸುತ್ತೇವೆಂದು ನಿಮ್ಮಿಂದಲೇ ಹಣ ಕೇಳುವ ಏಜೆನ್ಸಿಗಳ ಬಗ್ಗೆ ಎಚ್ಚರ. ಕೆಲಸ ಹುಡುಕುವವರಿಂದ ಶುಲ್ಕ ಪಡೆಯಬಾರದು ಎಂಬುದು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 1997ರ 181ನೇ ಒಪ್ಪಂದದ ಮೂಲ ನಿಯಮ. ಕೆಲಸಕ್ಕೆ ಹೊರದೇಶಕ್ಕೆ ಹೋಗುವುದಾದರೆ ಪಾಸ್‌ಪೋರ್ಟನ್ನು ಯಾರ ಕೈಗೂ ಇಟ್ಟುಕೊಳ್ಳಲು ಕೊಡಬೇಡಿ.

ಮುಂದೆ ಬರುವ ದಾರಿ ಒಂದೇ ಅಲ್ಲ. ಪಾಳಿಯ ಹೊಣೆ, ಆಮೇಲೆ ಹೊಸಬರಿಗೆ ಕಲಿಸುವುದು, ಆಮೇಲೆ ಇಡೀ ಆರೈಕೆ ಕೇಂದ್ರ ನಡೆಸುವುದು, ಇದು ಒಂದು. ಮರೆವಿನ ಕಾಯಿಲೆ, ಮಕ್ಕಳು, ಅಂಗವಿಕಲತೆ, ಕೊನೆಗಾಲದ ಆರೈಕೆ, ಹೀಗೆ ಒಂದರಲ್ಲಿ ಆಳಕ್ಕೆ ಇಳಿಯುವುದು ಇನ್ನೊಂದು. ಇಲ್ಲಿಂದ ನರ್ಸಿಂಗ್, ಫಿಸಿಯೋಥೆರಪಿ, ಸಮಾಜಕಾರ್ಯದ ಓದಿಗೆ ಹೋದವರೂ ಇದ್ದಾರೆ. ಜಪಾನಿನಲ್ಲಿ ಆರೈಕೆ ಕೆಲಸಕ್ಕೆ ರಾಷ್ಟ್ರೀಯ ಅರ್ಹತೆ ಕೊಡುವ ಕಾನೂನು 1987ರಲ್ಲೇ ಬಂತು. ಯಾವ ದಾರಿ ಹಿಡಿದರೂ ಬರೆಯುವುದನ್ನು ರೂಢಿಸಿಕೊಳ್ಳಿ. ‘ಊಟ ಚೆನ್ನಾಗಿ ಮಾಡಿದರು’ ಎಂದು ಬರೆಯುವವರು ಇದ್ದಲ್ಲೇ ಇರುತ್ತಾರೆ. ‘ಅರ್ಧ ತಟ್ಟೆ, 150 ಮಿಲಿ ನೀರು, ಎರಡು ಸಲ ಕೆಮ್ಮು’ ಎಂದು ಬರೆಯುವವರ ಪುಸ್ತಕವನ್ನು ವೈದ್ಯರು ಕೇಳಿ ಪಡೆಯುತ್ತಾರೆ.

ಸಿಸಿಲಿ ಸಾಂಡರ್ಸ್ ಎಂಬ ಬ್ರಿಟಿಷ್ ಮಹಿಳೆ ಹಿಡಿದ ದಾರಿ ನೋಡಿ. ನರ್ಸ್ ಆಗಿ ಶುರು ಮಾಡಿದರು, ಬೆನ್ನುನೋವಿನಿಂದ ಅದನ್ನು ಬಿಡಬೇಕಾಯಿತು. ಆಸ್ಪತ್ರೆಯ ಸಮಾಜ ಕಾರ್ಯಕರ್ತೆಯಾದರು. ಆಮೇಲೆ ಓದಿ 1957ರಲ್ಲಿ, ಮೂವತ್ತೊಂಬತ್ತರ ಆಸುಪಾಸಿನಲ್ಲಿ, ವೈದ್ಯರಾದರು. 1967ರಲ್ಲಿ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪೈಸ್, ಅಂದರೆ ಕೊನೆಗಾಲದ ಆರೈಕೆಯ ಮನೆ, ತೆರೆದರು. ಅದರ ಹಿಂದೆ ಡೇವಿಡ್ ಟಾಸ್ಮಾ ಎಂಬ ರೋಗಿ ಇದ್ದರು. ಪೋಲೆಂಡಿನಿಂದ ಬಂದ ನಿರಾಶ್ರಿತ, 1948ರಲ್ಲಿ ಕ್ಯಾನ್ಸರಿನಿಂದ ತೀರಿಕೊಂಡರು. ಸಾಯುವ ಮುನ್ನ ಸಾಂಡರ್ಸ್‌ಗೆ 500 ಪೌಂಡ್ ಬಿಟ್ಟು, ನಿಮ್ಮ ಮನೆಯಲ್ಲಿ ನಾನೊಂದು ಕಿಟಕಿಯಾಗಿರುತ್ತೇನೆ ಎಂಬರ್ಥದ ಮಾತು ಹೇಳಿದ್ದರು. ಹತ್ತೊಂಬತ್ತು ವರ್ಷ ಆ ಮಾತನ್ನು ಹೊತ್ತುಕೊಂಡು ನಡೆದರು ಸಾಂಡರ್ಸ್.

ಇದನ್ನು ಬರೆಯುವಾಗ ನೀವು ಕೇಳದೇ ಬಿಟ್ಟ ಪ್ರಶ್ನೆ ನೆನಪಾಗುತ್ತಿದೆ. ನೋಡಿಕೊಳ್ಳುತ್ತಿದ್ದವರು ತೀರಿಕೊಂಡರೆ? ಕೆಲಸ ಹುಡುಕುವಾಗ ಯಾರೂ ಇದನ್ನು ಕೇಳುವುದಿಲ್ಲ. ಮೊದಲ ವರ್ಷದಲ್ಲಿ ಕೆಲಸ ಬಿಟ್ಟುಹೋದ ನನ್ನ ವಿದ್ಯಾರ್ಥಿಗಳಲ್ಲಿ ಕೆಲವರಾದರೂ ಬಿಟ್ಟದ್ದು ಇದರಿಂದ, ದುಡಿಮೆಯ ಭಾರದಿಂದಲ್ಲ. ಮನೆಯವರಿಗೆ ಎಲ್ಲರೂ ಸಮಾಧಾನ ಹೇಳುತ್ತಾರೆ. ಒಂದು ವರ್ಷ ದಿನವೂ ಮೈ ತೊಳೆದವರಿಗೆ ಮರುದಿನ ಹೊಸ ವಿಳಾಸ ಕೊಟ್ಟು ಕಳಿಸುತ್ತಾರೆ. ಸೇರುವಾಗಲೇ ಕೇಳಿಕೊಳ್ಳಿ: ಹಾಗಾದಾಗ ಒಂದು ದಿನ ಬಿಡುವು ಸಿಗುತ್ತದೆಯೇ, ಕೂತು ಮಾತಾಡಲು ಯಾರಾದರೂ ಇದ್ದಾರೆಯೇ. ಅಂತ್ಯಕ್ರಿಯೆಗೆ ಹೋಗಲು ಮನಸ್ಸಾದರೆ ಮನೆಯವರನ್ನು ಕೇಳಿ ಹೋಗಿ. ನಿಮ್ಮ ಅಜ್ಜಿ ಈಗಿಲ್ಲವೆಂದಾದರೆ, ಆ ದುಃಖ ಇನ್ನೂ ಹಸಿಯಾಗಿದೆಯೇ ಎಂದು ಒಮ್ಮೆ ನೋಡಿಕೊಂಡು ಸೇರಿ. ಹಸಿಯಿದ್ದರೆ ಮೊದಲು ಮಕ್ಕಳ ಅಥವಾ ಅಂಗವಿಕಲ ಯುವಜನರ ಜೊತೆ ಕೆಲಸ ಆರಿಸಿಕೊಳ್ಳಬಹುದು.

ನಾನು ನೋಡಿಕೊಂಡ ಮೊದಲನೆಯವರು ಹೋದಾಗ ನನಗೆ ಇದ್ಯಾವುದನ್ನೂ ಯಾರೂ ಹೇಳಿರಲಿಲ್ಲ. ಆಮೇಲೆ ಎಷ್ಟೋ ವಾರ ರಾತ್ರಿ ಎರಡಕ್ಕೆ ಸರಿಯಾಗಿ ಎಚ್ಚರವಾಗುತ್ತಿತ್ತು. ಮಗ್ಗುಲು ಬದಲಿಸಬೇಕೆಂದು ಎದ್ದು ಕೂತು, ಯಾರದೆಂದು ಕತ್ತಲಲ್ಲಿ ಹುಡುಕುತ್ತಿದ್ದೆ.