ಗ್ಲಾಸ್ಗೋದಲ್ಲಿ ಗಂಡಸರ ಆಯಸ್ಸು 54 ವರ್ಷವೇ?

ಪ್ರಶ್ನೆ: ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ ಕಾಲ್ಟನ್‌ನಲ್ಲಿ ಗಂಡಸರ ಸರಾಸರಿ ಆಯಸ್ಸು 54, ಅಲ್ಲಿಗೆ ಹತ್ತಿರದ ಲೆನ್ಜಿಯಲ್ಲಿ 82 ಎಂದು ಓದಿದ್ದೇನೆ. ಆಸ್ಪತ್ರೆ ಎಲ್ಲರಿಗೂ ಉಚಿತವಾಗಿರುವ ದೇಶದಲ್ಲಿ ಇದು ಹೇಗೆ ಸಾಧ್ಯ?

ಈ ಅಂಕಿಗಳನ್ನು ಕೊಟ್ಟದ್ದು ವಿಶ್ವ ಆರೋಗ್ಯ ಸಂಸ್ಥೆ ನೇಮಿಸಿದ ಆಯೋಗ, 2008ರ ವರದಿಯಲ್ಲಿ. ಲೆಕ್ಕಕ್ಕೆ ಹಿಡಿದದ್ದು 2000ದ ಆಸುಪಾಸಿನ ಸಾವುಗಳನ್ನು. ಆಗ ಭಾರತದ ಗಂಡಸರ ಸರಾಸರಿಯೇ 60 ದಾಟಿತ್ತು, ಹಾಗಾಗಿ ಸುದ್ದಿ ಜಗತ್ತೆಲ್ಲ ಸುತ್ತಿತು. ಅಂಕಿ ಸುಳ್ಳಲ್ಲ. ಆದರೆ ಅದು ಏನನ್ನು ಅಳೆಯಿತು ಎಂದು ತಿಳಿಯದೆ ಉಲ್ಲೇಖಿಸಿದರೆ ತಪ್ಪು ಅರ್ಥ ಕೊಡುತ್ತದೆ.

ಮೊದಲು ಲೆಕ್ಕದ ಕ್ರಮ. ಒಂದು ಪ್ರದೇಶದಲ್ಲಿ ಸಾಮಾನ್ಯವಾಗಿ ಮೂರು ವರ್ಷಗಳ ಸಾವುಗಳನ್ನು ಒಟ್ಟು ಮಾಡಿ, ವಯಸ್ಸಿನ ಗುಂಪುಗಳಾಗಿ ವಿಂಗಡಿಸುತ್ತಾರೆ. ಪ್ರತಿ ಗುಂಪಿನ ಸಾವುಗಳನ್ನು ಅದೇ ವಯಸ್ಸಿನ ಜನಸಂಖ್ಯೆಯಿಂದ ಭಾಗಿಸಿದರೆ ಮರಣ ಪ್ರಮಾಣ ಸಿಗುತ್ತದೆ. ಆಮೇಲೆ ಕಾಗದದ ಮೇಲೆ 1,00,000 ಶಿಶುಗಳನ್ನು ಹುಟ್ಟಿಸಿ, ಈ ಪ್ರಮಾಣಗಳು ಬದಲಾಗದೆ ಹಾಗೇ ಉಳಿದರೆ ಪ್ರತಿ ವಯಸ್ಸಿನಲ್ಲಿ ಎಷ್ಟು ಮಂದಿ ಉಳಿಯುತ್ತಾರೆ ಎಂದು ನೋಡುತ್ತಾರೆ. ಅವರೆಲ್ಲ ಬದುಕಿದ ಒಟ್ಟು ವರ್ಷಗಳನ್ನು 1,00,000ದಿಂದ ಭಾಗಿಸಿದರೆ ಬರುವುದೇ ಜೀವಿತಾವಧಿ. ಇಂದು ಹುಟ್ಟಿದ ಮಗು ಎಷ್ಟು ವರ್ಷ ಬದುಕುತ್ತದೆ ಎಂಬ ಭವಿಷ್ಯ ಇದರಲ್ಲಿಲ್ಲ. ಆ ಮೂರು ವರ್ಷಗಳಲ್ಲಿ ಅಲ್ಲಿ ಯಾವ ವಯಸ್ಸಿನವರು ಎಷ್ಟು ಸತ್ತರು ಎಂಬುದನ್ನು ಒಂದೇ ಸಂಖ್ಯೆಗೆ ಇಳಿಸಿದ್ದು, ಅಷ್ಟೇ.

ಈ ಸರಾಸರಿಯನ್ನು ಎಳೆಯ ವಯಸ್ಸಿನ ಸಾವುಗಳು ಬಲವಾಗಿ ಕೆಳಗೆಳೆಯುತ್ತವೆ. ನೂರು ಮಂದಿಯೂ 80ಕ್ಕೆ ಸತ್ತರೆ ಸರಾಸರಿ 80. ಅವರಲ್ಲಿ ಹತ್ತು ಮಂದಿ ಮಾತ್ರ 35ಕ್ಕೆ ಸತ್ತು ಉಳಿದ ತೊಂಬತ್ತು ಮಂದಿ 80 ಮುಟ್ಟಿದರೂ ಸರಾಸರಿ 75.5ಕ್ಕೆ ಇಳಿಯುತ್ತದೆ. ಕಾಲ್ಟನ್ ಒಂದು ಸಣ್ಣ ಪ್ರದೇಶ, ಮತ್ತು ಮನೆಯಿಲ್ಲದ ಗಂಡಸರ ಹಾಸ್ಟೆಲ್‌ಗಳು ಅಲ್ಲಿದ್ದವು. ನಗರದ ಬೇರೆ ಭಾಗಗಳಿಂದ ಬಂದು, ಕುಡಿತ, ಹೆರಾಯಿನ್, ಹಳೆಯ ಕಾಯಿಲೆಗಳಿಂದ ಬಳಲಿದವರು ಅಲ್ಲಿ ಸತ್ತಾಗ ಆ ಸಾವು ಕಾಲ್ಟನ್ ವಿಳಾಸಕ್ಕೇ ಸೇರುತ್ತಿತ್ತು. ವೃದ್ಧಾಶ್ರಮ ಹೆಚ್ಚಿರುವ ಬಡಾವಣೆಗಳಲ್ಲೂ ಇದೇ ಬಗೆಯ ಏರುಪೇರು ಕಾಣುತ್ತದೆ. ಕೆಲವೇ ಸಾವಿರ ಜನರಿರುವ ಕಡೆ ಒಂದು ವಯೋಗುಂಪಿನಲ್ಲಿ ಹತ್ತು ಸಾವು ಹೆಚ್ಚಾದರೂ ಅಂಕಿ ಜಿಗಿಯುತ್ತದೆ. ಬಡಾವಣೆ ಮಟ್ಟದ ಅಂಕಿ ಕಂಡರೆ ಅದು ಎಷ್ಟು ವರ್ಷಗಳ ಮೊತ್ತ, ದೋಷದ ಅಂತರ (ಅಂಕಿ ಎಷ್ಟು ಹೆಚ್ಚುಕಡಿಮೆ ಇರಬಹುದು ಎಂಬುದು) ಎಷ್ಟು ಎಂದು ಮೊದಲು ನೋಡಿ. ಎರಡೂ ಕೊಟ್ಟಿಲ್ಲದಿದ್ದರೆ ಅದನ್ನು ನೆಚ್ಚಬೇಡಿ.

ಹಾಗಾದರೆ ಆಯಸ್ಸಿನ ಅಂತರ ಬರೀ ಲೆಕ್ಕದ ದೋಷವೇ? ಖಂಡಿತ ಅಲ್ಲ. ನಗರ ಮಟ್ಟಕ್ಕೆ ಬಂದು ನೋಡಿ. 2020–22ರಲ್ಲಿ ಇಂಗ್ಲೆಂಡಿನ ಗಂಡಸರ ಜೀವಿತಾವಧಿ 78.8, ಸ್ಕಾಟ್ಲೆಂಡಿನದು 76.5, ಗ್ಲಾಸ್ಗೋ ನಗರದ್ದು ಸುಮಾರು 73. ಇಂಗ್ಲೆಂಡಿನೊಳಗೂ ಹ್ಯಾಂಪ್‌ಶೈರಿನ ಹಾರ್ಟ್‌ನಲ್ಲಿ 83.7 ಇದ್ದರೆ ಕಡಲತೀರದ ಬ್ಲ್ಯಾಕ್‌ಪೂಲ್‌ನಲ್ಲಿ 73.4. ಸ್ಕಾಟ್ಲೆಂಡಿನ ಅತಿ ಬಡ ಹತ್ತನೇ ಒಂದು ಭಾಗಕ್ಕೂ ಅತಿ ಅನುಕೂಲಸ್ಥ ಹತ್ತನೇ ಒಂದು ಭಾಗಕ್ಕೂ ಗಂಡಸರಲ್ಲಿ 13 ವರ್ಷಕ್ಕೂ, ಹೆಂಗಸರಲ್ಲಿ 10 ವರ್ಷಕ್ಕೂ ಮೀರಿದ ಅಂತರವಿದೆ. ಇಷ್ಟು ದೊಡ್ಡ ಜನಸಂಖ್ಯೆಯಲ್ಲಿ ಹಾಸ್ಟೆಲ್‌ಗಳ ನೆಪ ಹೇಳಲಾಗುವುದಿಲ್ಲ.

ಬಡತನವೇ ಕಾರಣ ಎಂದು ಮುಗಿಸುವುದೂ ಸಾಲದು. ಗ್ಲಾಸ್ಗೋ, ಲಿವರ್‌ಪೂಲ್, ಮ್ಯಾಂಚೆಸ್ಟರ್ ಮೂರೂ ಕಾರ್ಖಾನೆ ಮುಚ್ಚಿ ಕಂಗೆಟ್ಟ ನಗರಗಳು, ಬಡತನದ ಪ್ರಮಾಣವೂ ಹೆಚ್ಚುಕಡಿಮೆ ಒಂದೇ. ಆದರೂ 65ಕ್ಕಿಂತ ಮುಂಚಿನ ಸಾವುಗಳು ಗ್ಲಾಸ್ಗೋದಲ್ಲಿ ಶೇ 30ರಷ್ಟು ಹೆಚ್ಚು ಎಂದು 2010ರ ಹೋಲಿಕೆ ತೋರಿಸಿತು. ಇದನ್ನು ಬೆನ್ನಟ್ಟಿದ ಗ್ಲಾಸ್ಗೋ ಜನಸಂಖ್ಯಾ ಆರೋಗ್ಯ ಕೇಂದ್ರ ಮತ್ತು ಅದರ ಜೊತೆಗಾರರ 2016ರ ವರದಿ ಬೆರಳು ತೋರಿಸಿದ್ದು ಆಡಳಿತದ ಹಳೆಯ ನಿರ್ಧಾರಗಳ ಕಡೆಗೆ. ಎರಡನೇ ಮಹಾಯುದ್ಧದ ನಂತರ ಈಸ್ಟ್ ಕಿಲ್‌ಬ್ರೈಡ್, ಕಂಬರ್‌ನಾಲ್ಡ್‌ನಂಥ ಹೊಸ ಪಟ್ಟಣಗಳನ್ನು ಕಟ್ಟಿ, ಕಸುಬು ಬಲ್ಲ ಯುವ ಕುಟುಂಬಗಳನ್ನೂ ಉದ್ಯಮಗಳನ್ನೂ ಗ್ಲಾಸ್ಗೋದಿಂದ ಅಲ್ಲಿಗೆ ಸೆಳೆದರು. ನಗರದಲ್ಲಿ ಉಳಿದವರಲ್ಲಿ ವಯಸ್ಸಾದವರು, ಕಾಯಿಲೆಯವರು, ಕೆಲಸವಿಲ್ಲದವರ ಪಾಲು ಹೆಚ್ಚಾಯಿತು. ಹಳೆಯ ವಠಾರಗಳನ್ನು ಕೆಡವಿ, ಜನರನ್ನು ಎತ್ತರದ ಕಟ್ಟಡಗಳಿಗೂ ಈಸ್ಟರ್‌ಹೌಸ್, ಡ್ರಮ್‌ಚಾಪೆಲ್‌ನಂಥ ನಗರದಂಚಿನ ಬಡಾವಣೆಗಳಿಗೂ ಸಾಗಿಸಿದರು. ಅಲ್ಲಿ ಅಂಗಡಿ, ಬಸ್ಸು, ಕೆಲಸ ಯಾವುದೂ ಸಾಕಷ್ಟಿರಲಿಲ್ಲ. ಕಷ್ಟಕ್ಕಾಗುತ್ತಿದ್ದ ನೆರೆಹೊರೆ ಚದುರಿಹೋಯಿತು. 1980ರ ದಶಕದಲ್ಲಿ ಕೆಲಸಗಳು ಹೋದಾಗ ತಡೆದುಕೊಳ್ಳುವ ಶಕ್ತಿ ಈ ಜನರಲ್ಲಿ ಉಳಿದಿರಲಿಲ್ಲ. ಕುಡಿತ, ಮಾದಕವಸ್ತು, ಆತ್ಮಹತ್ಯೆ ಆಮೇಲೆ ಬಂದವು. ಕರಿದ ತಿಂಡಿ, ಚಳಿ, ಜನರ ಸೋಮಾರಿತನ ಎಂದು ಸಲೀಸಾಗಿ ಹೇಳುವ ವಿವರಣೆಗಳು ಈ ಜನರಿಗೆ ಮಾಡುವ ಅನ್ಯಾಯ. ಚಳಿ, ಕರಿದ ಮೀನು ಮ್ಯಾಂಚೆಸ್ಟರಿನಲ್ಲೂ ಇವೆ.

ಉಚಿತ ಚಿಕಿತ್ಸೆ ಏಕೆ ಸಾಲಲಿಲ್ಲ ಎಂಬುದಕ್ಕೂ ಉತ್ತರ ಇಲ್ಲೇ ಇದೆ. ಆಸ್ಪತ್ರೆ ನೋಡುವುದು ಕಾಯಿಲೆ ಬಿದ್ದ ಮೇಲೆ. ಲಿವರ್ ಕೆಡುವುದು, ಹೃದಯದ ರಕ್ತನಾಳ ಕಟ್ಟುವುದು ಅದಕ್ಕೆ ಎಷ್ಟೋ ವರ್ಷ ಮೊದಲೇ ಶುರುವಾಗಿರುತ್ತದೆ.

ಇನ್ನೊಂದು ಗೊಂದಲ: ಸರಾಸರಿ 73 ಎಂದರೆ 65ರ ಗಂಡಸಿಗೆ ಉಳಿದದ್ದು ಎಂಟೇ ವರ್ಷ ಎಂದಲ್ಲ. 65 ಮುಟ್ಟಿದವರು ಎಳೆಯ ವಯಸ್ಸಿನ ಅಪಾಯಗಳನ್ನು ದಾಟಿಯೇ ಬಂದಿರುತ್ತಾರೆ. ಸ್ಕಾಟ್ಲೆಂಡಿನಲ್ಲಿ ಒಟ್ಟಾರೆ ಆ ವಯಸ್ಸಿನ ಗಂಡಸರಿಗೆ ಸರಾಸರಿ ಇನ್ನೂ ಸುಮಾರು 17 ವರ್ಷಗಳ ಬದುಕಿದೆ.

ಮದ್ಯದ ಬೆಲೆ ಏರಿಸಿ ಸಾವು ತಡೆಯಬಹುದು ಎಂಬುದಕ್ಕೆ ಒಂದು ಒಳ್ಳೆಯ ಪುರಾವೆ ಇಲ್ಲಿಂದಲೇ ಬಂದಿದೆ. 2018ರ ಮೇ 1ರಿಂದ ಸ್ಕಾಟ್ಲೆಂಡಿನಲ್ಲಿ 10 ಮಿ.ಲೀ. ಶುದ್ಧ ಆಲ್ಕೋಹಾಲಿಗೆ (ಇದು ಒಂದು ಯೂನಿಟ್) ಕನಿಷ್ಠ 50 ಪೆನ್ಸ್ ಬೆಲೆ ಕಡ್ಡಾಯವಾಯಿತು. ಶೇ 7.5 ಆಲ್ಕೋಹಾಲಿರುವ ಸೈಡರ್ (ಸೇಬಿನ ಮದ್ಯ) ಮೂರು ಲೀಟರ್ ಬಾಟಲಿಯಲ್ಲಿ ಅಂಥ 22.5 ಯೂನಿಟ್ ಇರುತ್ತವೆ, ಅಂದರೆ ಆಗ ಅದನ್ನು 11.25 ಪೌಂಡಿಗಿಂತ ಕಡಿಮೆಗೆ ಮಾರುವಂತಿರಲಿಲ್ಲ. ಅತಿ ಅಗ್ಗದ, ಅತಿ ಕಟುವಾದ ಪಾನೀಯಕ್ಕೇ ಏಟು ಬಿತ್ತು. ಕುಡಿತವೇ ನೇರ ಕಾರಣವಾದ ಸಾವುಗಳು, ಈ ಕಾನೂನು ಇಲ್ಲದಿದ್ದರೆ ಆಗಬಹುದಾಗಿದ್ದಕ್ಕಿಂತ ಶೇ 13.4ರಷ್ಟು ಕಡಿಮೆಯಾದವೆಂದು ಪಬ್ಲಿಕ್ ಹೆಲ್ತ್ ಸ್ಕಾಟ್ಲೆಂಡ್ ಅಂದಾಜು ಮಾಡಿತು. 2024ರ ಸೆಪ್ಟೆಂಬರ್ 30ರಿಂದ ಈ ಬೆಲೆ 65 ಪೆನ್ಸ್.

ಮಾದಕವಸ್ತು ಸಾವುಗಳು ಅಷ್ಟು ಸುಲಭಕ್ಕೆ ಬಗ್ಗಿಲ್ಲ. 2020ರಲ್ಲಿ ಸ್ಕಾಟ್ಲೆಂಡಿನಲ್ಲಿ 1,339, 2023ರಲ್ಲಿ 1,172. ನರ್ಸ್‌ಗಳ ಕಣ್ಗಾವಲಿನಲ್ಲಿ ಮಾದಕವಸ್ತು ಚುಚ್ಚಿಕೊಳ್ಳಲು ಅವಕಾಶವಿರುವ, ಬ್ರಿಟನ್ನಿನಲ್ಲಿ ಅಧಿಕೃತ ಒಪ್ಪಿಗೆ ಪಡೆದ ಮೊದಲ ಕೇಂದ್ರ ‘ಥಿಸಲ್’ 2025ರ ಜನವರಿಯಲ್ಲಿ ಗ್ಲಾಸ್ಗೋದ ಪೂರ್ವ ಭಾಗದ ಹಂಟರ್ ಸ್ಟ್ರೀಟ್‌ನಲ್ಲಿ ತೆರೆಯಿತು. ಅದು ಎಷ್ಟು ಜೀವ ಉಳಿಸಿತು ಎಂದು ಜೀವಿತಾವಧಿಯ ಅಂಕಿಯಲ್ಲಿ ಈಗಲೇ ಹುಡುಕಬೇಡಿ. ಮೂರು ವರ್ಷ ಒಟ್ಟು ಮಾಡುವ ಪದ್ಧತಿಯಿಂದಾಗಿ, ಮೂರೂ ವರ್ಷ ಅದು ತೆರೆದಿದ್ದ ಅವಧಿಗೇ ಸೇರುವ ಮೊದಲ ಅಂಕಿ 2025–27ರದ್ದು.