ವೈರಸ್ ಕೈಯಲ್ಲೇ ನಕ್ಷೆ ಬರೆಸಿದ್ದು

ಕಾಲುಬಾಯಿ ರೋಗದ ಲಸಿಕೆ ಹಾಕಿಸಿದ ಮೇಲೂ ದನದ ಬಾಯಲ್ಲಿ ಹುಣ್ಣು, ಗೊರಸಿನ ಸಂದಿಯಲ್ಲಿ ಗಾಯ ಕಾಣಿಸಿದರೆ ಮೊದಲ ಬೈಗುಳ ಲಸಿಕೆಗೇ. ಆದರೆ ಕೆಲವೊಮ್ಮೆ ಲಸಿಕೆ ಚೆನ್ನಾಗಿಯೇ ಇರುತ್ತದೆ, ಬಂದ ವೈರಸ್ ಬೇರೆ ವೇಷದ್ದು. ಕಾಲುಬಾಯಿ ವೈರಸ್‌ನಲ್ಲಿ ಏಳು ಬಗೆ: ಓ, ಎ, ಸಿ, ಏಷ್ಯಾ-1, ಸ್ಯಾಟ್ ಹೆಸರಿನ ಮೂರು. ಒಂದರ ಲಸಿಕೆ ಇನ್ನೊಂದನ್ನು ತಡೆಯುವುದಿಲ್ಲ. ಒಂದೇ ಬಗೆಯೊಳಗೂ ತಳಿಗಳು ಜಾಸ್ತಿ.

ವೇಷ ಬದಲಾಗುವುದು ಎಲ್ಲಿ? ವೈರಸ್‌ನ ಹೊರಚಿಪ್ಪಿನಲ್ಲಿ. ನಾಲ್ಕು ಪ್ರೋಟೀನ್‌ಗಳು, ತಲಾ 60 ಪ್ರತಿ. ಅದರ ಮೈಮೇಲೆ ಪ್ರತಿಕಾಯ (ವೈರಸ್ಸನ್ನು ತಡೆಯಲು ದನದ ದೇಹ ತಯಾರಿಸುವ ಪ್ರೋಟೀನ್) ಬಂದು ಹಿಡಿಯುವ ಮುಖ್ಯ ಜಾಗಗಳು ಕೆಲವೇ. ಅವನ್ನು ಹುಡುಕುವ ಉಪಾಯ ನನಗೆ ತುಂಬಾ ಇಷ್ಟ: ವೈರಸ್ಸನ್ನೇ ಕೇಳುವುದು. ಒಂದೇ ಜಾಗವನ್ನು ಹಿಡಿಯುವ ಪ್ರತಿಕಾಯವನ್ನು ಬೆರೆಸಿ, ಜೀವಕೋಶಗಳ ತಟ್ಟೆಯಲ್ಲಿ ವೈರಸ್ ಬೆಳೆಸುತ್ತಾರೆ. ಬಹುಪಾಲು ವೈರಸ್‌ಗಳು ಕೋಶದೊಳಗೆ ಹೋಗಲಾರದೆ ಸೋಲುತ್ತವೆ. ಎಲ್ಲೋ ಒಂದು ಗೆದ್ದು, ಸತ್ತ ಕೋಶಗಳ ಸಣ್ಣ ಚುಕ್ಕೆ ಮೂಡಿಸುತ್ತದೆ. ಆ ಚುಕ್ಕೆಯಿಂದ ವೈರಸ್ ಎತ್ತಿ, ಅದರ ವಂಶವಾಹಿ ಬರಹವಾದ ಆರ್‌ಎನ್‌ಎ ಓದಿದರೆ, ಚಿಪ್ಪಿನ ಪ್ರೋಟೀನ್ ಕಟ್ಟುವ ಮಣಿಗಳಾದ ಅಮೈನೋ ಆಮ್ಲಗಳಲ್ಲಿ ಒಂದೋ ಎರಡೋ ಬದಲಾಗಿರುತ್ತವೆ. ಕಳ್ಳ ಯಾವ ಕಿಂಡಿಯಿಂದ ತಪ್ಪಿಸಿಕೊಂಡ ಅಂತ ಗೊತ್ತಾಯಿತಲ್ವಾ? ಪ್ರತಿಕಾಯ ಬದಲಿಸುತ್ತಾ ಇದನ್ನೇ ಮಾಡಿ, ಓ ಬಗೆಯಲ್ಲಿ ಐದು ಜಾಗ ಗುರುತಿಸಿದ್ದಾರೆ.

ಅದರಲ್ಲಿ ಹೆಸರಾದದ್ದು ಆ ನಾಲ್ಕರಲ್ಲಿ ಒಂದಾದ ವಿಪಿ1 ಪ್ರೋಟೀನ್‌ನಿಂದ ಹೊರಚಾಚಿದ ಒಂದು ಕುಣಿಕೆ. 1989ರಲ್ಲಿ ಎಕ್ಸ್-ರೇ ಮೂಲಕ ವೈರಸ್‌ನ ರಚನೆ ತಿಳಿದಾಗ ಈ ಕುಣಿಕೆ ಮಾತ್ರ ಮಸುಕು. ಅಷ್ಟು ಅಲ್ಲಾಡುತ್ತದೆ ಅದು. ಅದರ ತುದಿಯ ಮೂರು ಅಮೈನೋ ಆಮ್ಲಗಳೇ ಜೀವಕೋಶದ ಬಾಗಿಲಿನ ಕೀಲಿ. ಕೀಲಿ ಬದಲಾದರೆ ವೈರಸ್ಸಿಗೇ ಕಷ್ಟ. ಹಾಗಾಗಿ ಅಕ್ಕಪಕ್ಕದವನ್ನು ಬದಲಿಸಿಕೊಳ್ಳುತ್ತದೆ.

ಆ ಕುಣಿಕೆಯನ್ನಷ್ಟೇ ತಯಾರಿಸಿ ಲಸಿಕೆ ಮಾಡಿ ನೋಡಿದರು. ಗಿನಿ ಇಲಿಗಳಲ್ಲಿ ಗೆದ್ದಿತು, ದನಗಳಲ್ಲಿ ಸಾಲಲಿಲ್ಲ. ಯಾಕೆಂದರೆ ಉಳಿದ ನಾಲ್ಕು ಜಾಗಗಳು ಚಿಪ್ಪು ಸರಿಯಾಗಿ ಮಡಿಚಿ ಇಡಿಯಾಗಿ ಇದ್ದಾಗ ಮಾತ್ರ ರೂಪ ಪಡೆಯುತ್ತವೆ. ಅದಕ್ಕೇ ಈಗಲೂ ಹೆಚ್ಚಾಗಿ ಇಡೀ ವೈರಸ್ಸನ್ನೇ ಬೆಳೆಸಿ, ಕೊಂದು ಲಸಿಕೆ ಮಾಡುವುದು. ಬಿಸಿ ತಾಗಿದರೆ ಚಿಪ್ಪು 12 ತುಂಡಾಗಿ ಬಿಚ್ಚಿಕೊಳ್ಳುತ್ತದೆ. ಲಸಿಕೆಯನ್ನು ತಂಪಲ್ಲಿಡಿ ಅನ್ನುವುದು ಸುಮ್ನೆ ಅಲ್ಲ.

ಹೊಸ ವೈರಸ್ ಸಿಕ್ಕರೆ ಮೊದಲು ಈ ಜಾಗಗಳನ್ನೇ ನೋಡುತ್ತಾರೆ. ಬದಲಾಗಿದ್ದರೆ ಲಸಿಕೆ ಹಾಕಿದ ದನದ ಸೀರಂ (ರಕ್ತದ ಪ್ರತಿಕಾಯಗಳಿರುವ ತಿಳಿ ದ್ರವ) ಜೊತೆ ಪರೀಕ್ಷೆ. ಲಸಿಕೆಯ ವೈರಸ್ಸನ್ನು ತಡೆಯುವ ಬಲವನ್ನು 1 ಅಂತಿಟ್ಟುಕೊಂಡರೆ, ಹೊಸದರ ವಿರುದ್ಧ ಅದು 0.3ಕ್ಕಿಂತ ಕೆಳಗಿಳಿದಾಗ ಲಸಿಕೆಗೆ ಬೇರೆ ತಳಿ ಹುಡುಕುವ ಕೆಲಸ ಶುರು.