ಪರದೆ ಹಂಚಿದರೆ ಬರೀ ಕಪ್ಪು: ಲಿನಕ್ಸ್ ವಿಡಿಯೊ ಸಭೆಯ ಟಿಪ್ಪಣಿ

ಕ್ಯಾಮೆರಾ ಹತ್ತು ನಿಮಿಷದಲ್ಲಿ ಸರಿಹೋಯಿತು, ಮೈಕ್‌ಗೆ ಅರ್ಧ ಗಂಟೆ ಹಿಡಿಯಿತು. ಪರದೆ ಹಂಚುವ ಕೆಲಸ ಮಾತ್ರ ಎರಡು ರಾತ್ರಿಗಳನ್ನು ನುಂಗಿತು. ಮರೆಯುವ ಮುನ್ನ ಬರೆದಿಡುತ್ತಿದ್ದೇನೆ. ಆಜ್ಞೆಗಳ ಹೆಸರನ್ನು ಉಚ್ಚಾರಣೆಯಂತೆ ಬರೆದಿದ್ದೇನೆ; ಟರ್ಮಿನಲ್‌ನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲೇ ಒತ್ತಬೇಕು.

ಕ್ಯಾಮೆರಾ

ಬಹುಪಾಲು ಯುಎಸ್‌ಬಿ ಕ್ಯಾಮೆರಾಗಳಿಗೆ ಲಿನಕ್ಸಿನ ತಿರುಳಾದ ಕರ್ನಲ್‌ನಲ್ಲೇ ಇರುವ ಯುವಿಸಿವಿಡಿಯೊ ಡ್ರೈವರ್ ಸಾಕು. ಇರುವುದು ಒಂದೇ ಕ್ಯಾಮೆರಾ ಆದರೂ ‘ಡೆವ್’ ಫೋಲ್ಡರಿನಲ್ಲಿ ವಿಡಿಯೊ0, ವಿಡಿಯೊ1 ಎಂದು ಎರಡು ಕಂಡರೆ ಗಾಬರಿಯಾಗಬೇಡಿ. ಸಾಮಾನ್ಯವಾಗಿ ಮೊದಲನೆಯದರಿಂದ ಚಿತ್ರ ಬರುತ್ತದೆ, ಎರಡನೆಯದು ಆ ಚಿತ್ರದ ವಿವರಗಳಿಗಷ್ಟೇ. ಕ್ಯಾಮೆರಾ ಬಳಕೆಯಲ್ಲಿದೆ ಎಂಬ ದೂರು ಬಂದರೆ ಬೇರೆ ಯಾವುದೋ ತಂತ್ರಾಂಶ ಅದನ್ನು ಹಿಡಿದುಕೊಂಡಿದೆ ಎಂದರ್ಥ, ಅದನ್ನು ಮುಚ್ಚಿ.

ಮೈಕ್

ಧ್ವನಿ ಎಲ್ಲಿಂದ ಎಲ್ಲಿಗೆ ಹೋಗಬೇಕೆಂದು ಆರಿಸುವ ಪಾವುಕಂಟ್ರೋಲ್ ಎಂಬ ತಂತ್ರಾಂಶ ಹಾಕಿಕೊಳ್ಳಿ. ಹಳೆಯ ಧ್ವನಿ ವ್ಯವಸ್ಥೆ ಪಲ್ಸ್‌ಆಡಿಯೊ ಕಾಲದ್ದಾದರೂ ಅದರ ಜಾಗಕ್ಕೆ ಬಂದ ಪೈಪ್‌ವೈರ್ ಇರುವ ಯಂತ್ರದಲ್ಲೂ ನಡೆಯುತ್ತದೆ. ಸಭೆ ನಡೆಯುತ್ತಿರುವಾಗಲೇ ಅದರ ‘ರೆಕಾರ್ಡಿಂಗ್’ ಟ್ಯಾಬ್ ತೆರೆಯಬೇಕು. ಮೊದಲೇ ತೆರೆದರೆ ಖಾಲಿ ಕಾಣುತ್ತದೆ. ನನ್ನದರಲ್ಲಿ ಮೈಕ್ ಇರಬೇಕಾದ ಜಾಗದಲ್ಲಿ ‘ಮಾನಿಟರ್’ ಎಂದು ಶುರುವಾಗುವ ಹೆಸರಿತ್ತು. ಅದು ಮೈಕ್ ಅಲ್ಲ, ಸ್ಪೀಕರಿಗೆ ಹೋಗುವ ಧ್ವನಿಯ ನಕಲು. ಎದುರಿನವರಿಗೆ ನನ್ನ ದನಿ ಕೇಳದೆ ಅವರ ಮಾತೇ ಅವರಿಗೆ ಮರಳುತ್ತಿದ್ದುದು ಇದರಿಂದ. ಬ್ಲೂಟೂತ್ ಹೆಡ್‌ಸೆಟ್‌ನಲ್ಲಿ ಹಾಡು ಕೇಳಿಸಿ ಮೈಕ್ ಮಾತ್ರ ಇಲ್ಲವಾದರೆ ಪ್ರೊಫೈಲನ್ನು ಎ2ಡಿಪಿಯಿಂದ (ಕೇಳಲು ಮಾತ್ರ) ಎಚ್‌ಎಫ್‌ಪಿಗೆ (ಕೇಳಲೂ ಮಾತಾಡಲೂ) ಬದಲಿಸಿ. ಧ್ವನಿ ತುಸು ಒರಟಾಗುತ್ತದೆ, ಸಹಿಸಿಕೊಳ್ಳಿ.

ಪರದೆ ಹಂಚಿಕೆ

ಹಂಚಿಕೆಯ ಗುಂಡಿ ಒತ್ತಿದೆ. ಸಭೆಯ ಕಿಟಕಿಯಲ್ಲಿ ಕಡುಕಪ್ಪು ಚೌಕ, ಅದರ ಮೇಲೆ ಓಡಾಡುವ ಮೌಸ್ ಬಾಣ. ಬೇರೇನೂ ಇಲ್ಲ. ಬಾಣ ಬರುತ್ತದೆ, ಪರದೆ ಏಕೆ ಬರುವುದಿಲ್ಲ?

ಪರದೆಯ ಮೇಲೆ ಕಿಟಕಿಗಳನ್ನು ತೋರಿಸುವ ಹಳೆಯ ಎಕ್ಸ್11 ವ್ಯವಸ್ಥೆಯಲ್ಲಿ ಯಾವ ತಂತ್ರಾಂಶ ಬೇಕಾದರೂ ಇಡೀ ಪರದೆಯನ್ನು ಓದಬಹುದಿತ್ತು, ಕೇಳುವವರೇ ಇರಲಿಲ್ಲ. ಅದರ ಜಾಗಕ್ಕೆ ಬಂದ ವೇಲ್ಯಾಂಡ್ ಆ ಬಾಗಿಲು ಮುಚ್ಚಿತು. ಈಗ ಸಭೆಯ ತಂತ್ರಾಂಶ ಎಕ್ಸ್‌ಡಿಜಿ ಡೆಸ್ಕ್‌ಟಾಪ್ ಪೋರ್ಟಲ್ ಎಂಬ ಮಧ್ಯವರ್ತಿಗೆ ಅರ್ಜಿ ಹಾಕಬೇಕು. ಪೋರ್ಟಲ್ ನಮ್ಮನ್ನು ಕೇಳಬೇಕು. ನಾವು ಒಪ್ಪಿದರೆ ಚಿತ್ರ ಪೈಪ್‌ವೈರ್ ಮೂಲಕ ಹರಿಯುತ್ತದೆ. ಹಾಗಾಗಿ ಪೈಪ್‌ವೈರ್ ಧ್ವನಿಗಷ್ಟೇ ಎಂದುಕೊಂಡು ಅದನ್ನು ಕಿತ್ತುಹಾಕಬೇಡಿ. (ನಾನು ಕಿತ್ತುಹಾಕಿದ್ದೆ.)

ನಾನು ಎಡವಿದ ಮೊದಲ ಜಾಗ: ಪೋರ್ಟಲ್ ಒಂದೇ ಪ್ಯಾಕೇಜ್ ಅಲ್ಲ. ಮುಖ್ಯ ಪ್ಯಾಕೇಜಿನ ಹಿಂದೆ ನಿಮ್ಮ ಡೆಸ್ಕ್‌ಟಾಪಿಗೆ ಹೊಂದುವ ಬ್ಯಾಕೆಂಡ್ (ನಿಜವಾದ ಕೆಲಸ ಮಾಡುವ ಭಾಗ) ಬೇಕು: ಗ್ನೋಮ್‌ಗೆ ಒಂದು, ಕೆಡಿಇಗೆ ಒಂದು, ಸ್ವೇ ತರಹದವುಗಳಿಗೆ ‘ಡಬ್ಲ್ಯುಎಲ್‌ಆರ್’. ನಾನು ಬಳಸುವುದು ಸ್ವೇ. ಹಾಕಿಕೊಂಡಿದ್ದು ಜಿಟಿಕೆ ಬ್ಯಾಕೆಂಡ್ ಮಾತ್ರ, ಪರದೆ ಹಂಚಿಕೆ ಅದರ ಕೆಲಸವಲ್ಲ. ಫೈಲ್ ಆರಿಸುವ ಕಿಟಕಿ ಅದರಿಂದ ಸರಿಯಾಗಿ ತೆರೆಯುತ್ತಿದ್ದುದರಿಂದ ಪೋರ್ಟಲ್ ಚೆನ್ನಾಗಿದೆ ಎಂದು ನಂಬಿ ಕೂತಿದ್ದೆ.

ಎರಡನೆಯದು ನನ್ನ ತಲೆ ತಿಂದದ್ದು. ಸರಿಯಾದ ಬ್ಯಾಕೆಂಡ್ ಹಾಕಿದ ಮೇಲೂ ಕಪ್ಪೇ. ಯಾವ ಬ್ಯಾಕೆಂಡನ್ನು ಕರೆಯಬೇಕು ಎಂದು ಪೋರ್ಟಲ್ ನಿರ್ಧರಿಸುವುದು ‘ಎಕ್ಸ್‌ಡಿಜಿ ಕರೆಂಟ್ ಡೆಸ್ಕ್‌ಟಾಪ್’ ಎಂಬ ವೇರಿಯಬಲ್ (ತಂತ್ರಾಂಶಗಳು ಓದಿಕೊಳ್ಳುವ, ಹೆಸರು ಮತ್ತು ಅದರ ಬೆಲೆಯ ಚೀಟಿ) ನೋಡಿ. ಟರ್ಮಿನಲ್‌ನಲ್ಲಿ ಎಕೋ ಆಜ್ಞೆಯಿಂದ ಅದರ ಬೆಲೆ ಕೇಳಿದೆ: ‘ಸ್ವೇ’ ಎಂದೇ ಬಂತು. ಇನ್ನೇನು ಬೇಕು?

ನಿಧಾನವಾಗಿ ಓದಿ, ನಾನು ಮೂರು ಸಲ ಓದಬೇಕಾಯಿತು. ವೇರಿಯಬಲ್ ಇಡೀ ಯಂತ್ರಕ್ಕೆ ಕಾಣುವ ಗೋಡೆ ಬರಹವಲ್ಲ. ತಾಯಿ ಪ್ರಕ್ರಿಯೆಯಿಂದ ಮಗು ಪ್ರಕ್ರಿಯೆಗೆ ಬಳುವಳಿಯಾಗಿ ಹೋಗುತ್ತದೆ, ಅಷ್ಟೇ. ಟರ್ಮಿನಲ್ ಸ್ವೇಯ ಮಗು, ಅದಕ್ಕೆ ಸಿಕ್ಕಿದೆ. ಪೋರ್ಟಲನ್ನು ಎಬ್ಬಿಸುವುದು ಹಿನ್ನೆಲೆ ಸೇವೆಗಳನ್ನು ಶುರುಮಾಡುವ ಸಿಸ್ಟಮ್‌ಡಿ. ಅದು ಸ್ವೇಗಿಂತ ಮೊದಲೇ ಎದ್ದಿರುತ್ತದೆ, ಅದಕ್ಕೆ ಈ ಸುದ್ದಿಯೇ ಗೊತ್ತಿಲ್ಲ. ಅಂದರೆ ನಾನು ಪರೀಕ್ಷಿಸಿದ್ದು ಪೋರ್ಟಲಿನ ಜೇಬನ್ನಲ್ಲ, ಟರ್ಮಿನಲಿನ ಜೇಬನ್ನು.

ನೋಡಬೇಕಾದದ್ದು ‘ಸಿಸ್ಟಮ್‌ಸಿಟಿಎಲ್’ ಆಜ್ಞೆಗೆ ‘ಯೂಸರ್’ ಆಯ್ಕೆ ಸೇರಿಸಿ ‘ಶೋ-ಎನ್ವಿರಾನ್‌ಮೆಂಟ್’ ಕೊಟ್ಟಾಗ ಬರುವ ಪಟ್ಟಿಯನ್ನು. ನನ್ನಲ್ಲಿ ‘ಎಕ್ಸ್‌ಡಿಜಿ ಕರೆಂಟ್ ಡೆಸ್ಕ್‌ಟಾಪ್’ ಹೆಸರೂ ಇರಲಿಲ್ಲ, ಯಾವ ವೇಲ್ಯಾಂಡ್ ಪರದೆಗೆ ಸೇರಬೇಕು ಎಂದು ತಿಳಿಸುವ ‘ವೇಲ್ಯಾಂಡ್ ಡಿಸ್‌ಪ್ಲೇ’ಯೂ ಇರಲಿಲ್ಲ. ಸ್ವೇಯ ಕಾನ್ಫಿಗ್ ಫೈಲಿನಲ್ಲಿ ‘ಎಕ್ಸೆಕ್’ ಎಂದು ಶುರುಮಾಡಿ, ‘ಡಿಬಸ್-ಅಪ್‌ಡೇಟ್-ಆಕ್ಟಿವೇಶನ್-ಎನ್ವಿರಾನ್‌ಮೆಂಟ್’ ಆಜ್ಞೆಗೆ ‘ಸಿಸ್ಟಮ್‌ಡಿ’ ಆಯ್ಕೆ ಕೊಟ್ಟು ಈ ಎರಡೂ ಹೆಸರುಗಳನ್ನು ಬರೆದೆ. ಲಾಗ್‌ಔಟ್ ಮಾಡಿ ಮತ್ತೆ ಒಳಬಂದು ಗುಂಡಿ ಒತ್ತಿದರೆ, ಯಾವ ಪರದೆ ಎಂದು ಪೋರ್ಟಲ್ ಮೊದಲ ಬಾರಿಗೆ ಕೇಳಿತು. ಗ್ನೋಮ್, ಕೆಡಿಇ ಬಳಸುವವರಿಗೆ ಈ ಪಾಡಿಲ್ಲ, ಅವು ತಾವೇ ತಿಳಿಸುತ್ತವೆ.

ಇಷ್ಟಾದರೂ ಕಪ್ಪಾಗಿದ್ದರೆ ಸಭೆಯ ತಂತ್ರಾಂಶ ಹಳೆಯದಾಗಿದ್ದು, ಪೋರ್ಟಲನ್ನು ಕೇಳದೆ ಎಕ್ಸ್‌ವೇಲ್ಯಾಂಡ್ (ಎಕ್ಸ್11 ತಂತ್ರಾಂಶಗಳನ್ನು ವೇಲ್ಯಾಂಡ್ ಒಳಗೆ ನಡೆಸುವ ಸೇತುವೆ) ಮೂಲಕ ನೋಡಲು ಹೊರಟಿರಬಹುದು. ಅದೇ ಸಭೆಯನ್ನು ಬ್ರೌಸರಿನಲ್ಲಿ ತೆರೆದು ನೋಡಿ.